ಆರು ಹತ್ತರ ತೂಕ

ಬೆಳಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಕಾಶವ್ವನ ತೂಕ ಐವತ್ತೆಂಟು ಕಿಲೋ ನಾಲ್ಕುನೂರು ಗ್ರಾಂ ಇತ್ತು. ಸೀರೆ, ಕುಪ್ಪಸ, ಎರಡೂ ಕೈಯ ಬಳೆ ಸೇರಿ ಏಳುನೂರ ಐವತ್ತು ಗ್ರಾಂ. ಅದನ್ನು ಕಳೆದ ಮೇಲಿನ ಅಂಕಿ ಇದು. ಕಳೆದವರು ಅವರ ಗಂಡ ರಾಮಲಿಂಗಪ್ಪ.

“ಬಾರದಾನ ತಗದು ಹೇಳಾಕತ್ತೀನಿ,” ಎಂದು ಅವರು, ಖಾಲಿ ಚೀಲದ ತೂಕ ಕಳೆಯುವ ಅಂಗಡಿಯ ಮಾತಿನಲ್ಲೇ, ಸೊಸೆ ಮಾಧುರಿಗೆ ಹೇಳಿದರು. “ಬರಕೋ.”

“ನಾ ಏನು ಮೆಣಸಿನಕಾಯಿ ಚೀಲೇನ್ರಿ, ಬಾರದಾನ ತಗ್ಯಾಕ?” ಕಾಶವ್ವ ತೂಕದ ಕಾಟಾದ ಮೇಲೆ ನಿಂತೇ ಕೇಳಿದರು.

“ಚೀಲ ಸುಮ್ನ ನಿಂದರ್ತದ. ನೀ ಅಳ್ಳಾಡ್ತಿ, ಅಂಕಿ ಹಾರ್ತದ.”

ಮಾಧುರಿ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಅಂದಿನ ತಾರೀಖಿನ ಚೌಕದೊಳಗೆ ಪೆನ್ಸಿಲಿನಿಂದ 58.4 ಎಂದು ಬರೆದಳು. ಅತ್ತೆ ಆಸ್ಪತ್ರೆಯಿಂದ ಮನೆಗೆ ಬಂದ ಮೊದಲನೆಯ ಬೆಳಗು ಅದು, ಜೂನ್ ತಿಂಗಳ ಎರಡನೇ ವಾರ.

ರಾಮಲಿಂಗಪ್ಪನವರಿಗೆ ಎಪ್ಪತ್ತಾರು. ಬ್ಯಾಡಗಿ ಕಡೆಯಿಂದ ಇಪ್ಪತ್ತೆಂಟನೇ ವಯಸ್ಸಿಗೆ ಪುಣೆಗೆ ಬಂದು, ಮಾರ್ಕೆಟ್ ಯಾರ್ಡಿನ ಒಂದು ಮೆಣಸಿನಕಾಯಿ ಅಂಗಡಿಯಲ್ಲಿ ತೂಕ ಮಾಡುವ ಕೆಲಸಕ್ಕೆ ಸೇರಿದವರು. ಹನ್ನೆರಡು ವರ್ಷದ ಮೇಲೆ ಸ್ವಂತ ಅಂಗಡಿ ಹಾಕಿದರು. ಈಗ ಅದನ್ನು ಮಗ ಸಂಜು ನೋಡುತ್ತಾನೆ. ಚೀಲಕ್ಕೆ ನೀರು ಚಿಮುಕಿಸಿ ತೂಕ ಏರಿಸುವವರು ಇವರ ಕಾಟಾದ ಹತ್ತಿರ ಬರುತ್ತಿರಲಿಲ್ಲ ಎಂದು ಯಾರ್ಡಿನ ಹಳಬರು ಇಂದಿಗೂ ಹೇಳುತ್ತಾರೆ. ಮೊಣಕೈವರೆಗೆ ಕೈ ಹಾಕಿ, ಒಂದು ಕಾಯಿ ಹಿಡಿದು ಅಲ್ಲಾಡಿಸಿ, ಒಳಗಿನ ಬೀಜದ ಸದ್ದು ಕೇಳಿ, “ಇದರಾಗ ಪಾವು ಕಿಲೋ ನೀರದ, ಒಯ್ರಿ” ಎಂದುಬಿಡುತ್ತಿದ್ದರು.

ಅಂಥವರ ಮನೆಯಲ್ಲೇ ಹೆಂಡತಿಯ ಮೈಯಲ್ಲಿ ಆರು ಕಿಲೋ ನೀರು ನಿಂತಿತ್ತು. ಮೇ ಕೊನೆಗೆ ಕಾಶವ್ವ ಹಾಸಿಗೆಯಲ್ಲಿ ಮಲಗಲಾರದೆ ಕುಳಿತೇ ನಿದ್ದೆ ಮಾಡತೊಡಗಿದಾಗ ಆಸ್ಪತ್ರೆಗೆ ಒಯ್ದರು. ಹೃದಯದ ಬಡಿತದ ಬಲ ಕಡಿಮೆಯಾಗಿದೆ, ಅದಕ್ಕೆ ಕಾಲಲ್ಲಿ ಮತ್ತು ಶ್ವಾಸಕೋಶದಲ್ಲಿ ನೀರು ತುಂಬಿದೆ ಎಂದು ಡಾಕ್ಟರ್ ಶ್ರದ್ಧಾ ಮರಾಠಿಯಲ್ಲಿ ಹೇಳಿದರು. ಸೂಜಿ ಮತ್ತು ಗುಳಿಗೆಗಳಿಂದ ಐದು ದಿನದಲ್ಲಿ ಆರು ಕಿಲೋ ಇಳಿಯಿತು. ಎಲ್ಲವೂ ಮೂತ್ರವಾಗಿ ಹೋದ ನೀರು.

“ಮಂದಿ ಚೀಲದಾಗಿನ ಪಾವು ಕಿಲೋ ಹಿಡದಾಂವ ನಾನು,” ಎಂದು ರಾಮಲಿಂಗಪ್ಪ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಮಾಧುರಿಗೆ ಅಂದಿದ್ದರು. “ಮನ್ಯಾಗಿನ ಆರು ಕಿಲೋ ಕಾಣಲಿಲ್ಲ.” ಮರುದಿನವೇ ಅವರು ಅಂಗಡಿಯ ಇಲೆಕ್ಟ್ರಾನಿಕ್ ಕಾಟಾ ಒಂದನ್ನು ಆಟೋದಲ್ಲಿ ಹೇರಿಸಿ, ಕೋಥರೂಡದ ತಮ್ಮ ಎರಡನೇ ಮಹಡಿಯ ಮನೆಗೆ ಹತ್ತಿಸಿ, ಹಾಲ್‌ನ ಮೂಲೆಯಲ್ಲಿ ಇಟ್ಟರು. ಐವತ್ತು ಗ್ರಾಂ ಆಚೀಚೆಯಾದರೂ ತೋರಿಸುವ ಕಾಟಾ ಅದು.

ಡಿಸ್ಚಾರ್ಜ್ ಕಾಗದವನ್ನು ಮೊಮ್ಮಗಳು ಸ್ನೇಹಲ್ ಓದಿದಳು. ಹತ್ತನೇ ಇಯತ್ತೆಯ ಹುಡುಗಿ. ಬೆಳಗ್ಗೆ ಏಳಕ್ಕೆ ನೀರು ಇಳಿಸುವ ಗುಳಿಗೆ, ಟಾರ್ಸೆಮೈಡ್ ಇಪ್ಪತ್ತು ಮಿಲಿಗ್ರಾಂ ಒಂದು. ಉಪ್ಪು ಕಡಿಮೆ. ನೀರು, ಚಹಾ, ಸಾರು ಎಲ್ಲ ಸೇರಿ ದಿನಕ್ಕೆ ಒಂದೂವರೆ ಲೀಟರ್. ದಿನಾ ತೂಕ. ಐವತ್ತೇಳೂವರೆಯ ಹತ್ತಿರ ಇರಬೇಕು.

“ಮೂರು ದಿವಸದಾಗ ಎರಡು ಕಿಲೋ ಏರಿದ್ರ ಫೋನ್ ಮಾಡ್ರಿ ಅಂತ ಬರದಾರ, ಅಜ್ಜಾ. ಆಮ್ಯಾಲ, ಐವತ್ತೇಳೂವರಿಗಿಂತ ಒಂದು ಕಿಲೋ ಕೆಳಗ ಇಳದ್ರೂ ಫೋನ್ ಮಾಡ್ರಿ.”

“ಇಳದ್ರ ಯಾಕ?” ಎಂದರು ರಾಮಲಿಂಗಪ್ಪ. “ಇಳದ್ರ ಚಲೋನ ಅಲ್ಲೇನು? ನೀರು ಹೋದಷ್ಟು ಮಾಲು ಸಾಚಾ.”

ಕಾಗದವನ್ನು ಕಪಾಟಿನ ಬಾಗಿಲಿನ ಒಳಮೈಗೆ ಅಂಟಿಸಿದರು.

ಮನೆಯ ಬೆಳಗು ಆ ಗುಳಿಗೆಯ ಸುತ್ತ ತಿರುಗತೊಡಗಿತು. ಏಳಕ್ಕೆ ಗುಳಿಗೆ ಕೊಟ್ಟರೆ ಏಳೂಮುಕ್ಕಾಲಿಗೆ ಅದು ಕೆಲಸ ಶುರುಮಾಡುತ್ತದೆ. ಹತ್ತರವರೆಗೆ ಐದಾರು ಸಲ ಕಾಶವ್ವ ಎದ್ದು ಹೋಗಬೇಕು. ಮಧ್ಯಾಹ್ನದ ಹೊತ್ತಿಗೆ ಅದರ ಜೋರು ಇಳಿಯುತ್ತದೆ, ರಾತ್ರಿ ನಿದ್ದೆ ಕೆಡುವುದಿಲ್ಲ. ಅದಕ್ಕೇ ಬೆಳಗ್ಗೆ. ಆದರೆ ಮನೆಯಲ್ಲಿ ಇದ್ದದ್ದು ಒಂದೇ ಬಾತ್‌ರೂಮು. ಎಂಟಕ್ಕೆ ಸ್ನೇಹಲ್ ಕ್ಲಾಸಿಗೆ, ಎಂಟೂವರೆಗೆ ಸಂಜು ಅಂಗಡಿಗೆ, ಹತ್ತಕ್ಕೆ ಮಾಧುರಿ ತಾನು ಗುಮಾಸ್ತೆಯಾಗಿದ್ದ ಶಾಲೆಗೆ ಹೊರಡಬೇಕು.

“ಅಜ್ಜಿ, ಲವಕರ ಬಾ ನಾ, ಲಗೂನ!” ಸ್ನೇಹಲ್ ಬಾಗಿಲು ಬಡಿಯುತ್ತಿದ್ದಳು. “ನನ್ನ ಬಸ್ ಹೋಗ್ತದ.”

“ಬಸ್ ಮತ್ತ ಬರ್ತದ, ಇದು ನಿಂದರೂದಿಲ್ಲವಾ.”

“ನಿನ್ನೆ ಮೂರು ಸಲ ಹಿಂಗ ಆತು. ನೀ ನೀರು ಕಡಿಮಿ ಕುಡಿ.”

ಆ ಮಾತು ಹುಡುಗಿ ಅವಸರದಲ್ಲಿ ಆಡಿದ್ದು. ಕಾಶವ್ವ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡರು. ಒಂದೂವರೆ ಲೀಟರಿಗೆಂದು ಮಾಧುರಿ ತುಂಬಿಡುತ್ತಿದ್ದ ಬಾಟಲಿ ಸಂಜೆಗೆ ಅರ್ಧವೂ ಖಾಲಿಯಾಗದೆ ಉಳಿಯತೊಡಗಿತು. “ನೀರಡಿಕಿ ಆಗಲಿಲ್ಲ,” ಎನ್ನುತ್ತಿದ್ದರು.

ಊಟದಲ್ಲಿ ಉಪ್ಪು ಹೋಯಿತು. ಡಾಕ್ಟರು ಕಡಿಮೆ ಎಂದಿದ್ದರು, ರಾಮಲಿಂಗಪ್ಪ ಪೂರ್ತಿ ನಿಲ್ಲಿಸಿದರು. ಹೆಂಡತಿಗೆ ಇಲ್ಲದ್ದು ತನಗೂ ಬೇಡ ಎಂದು ತಮ್ಮ ತಾಟಿಗೂ ಸಪ್ಪನೆಯದನ್ನೇ ಹಾಕಿಸಿಕೊಂಡರು. ಜೋಳದ ರೊಟ್ಟಿ, ಸಪ್ಪನೆ ಝುಣಕ, ಸಪ್ಪನೆ ಪುಂಡಿಪಲ್ಯ. ಸೋಲಾಪುರದ ತವರಿನವಳಾದ ಮಾಧುರಿಗೆ ಮೊದಲ ದಿನ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಮಾವ ಮಾತ್ರ ಮುಖ ಹುಳಿ ಮಾಡದೆ ಎರಡು ರೊಟ್ಟಿ ತಿಂದು ಕೈ ತೊಳೆದರು. ಆ ವಯಸ್ಸಿನಲ್ಲಿ, ಜೀವಮಾನವೆಲ್ಲ ಖಾರ ಉಪ್ಪು ಮಾರಿದ ಮನುಷ್ಯ.

“ಅಪ್ಪಾ, ಮಂದಿ ಮೆಣಸಿನಕಾಯಿ ವ್ಯಾಪಾರಿ ಮನಿ ಊಟ ಅಂತ ಬಂದ್ರ ಏನು ಹೇಳೂದು?” ಸಂಜು ಕೇಳಿದ.

“ಆಸ್ಪತ್ರಿ ಊಟ ಅಂತ ಹೇಳು. ನೀ ಅಂಗಡ್ಯಾಗ ಉಪ್ಪಿನಕಾಯಿ ಭರಣಿ ಇಟ್ಟೀಯಂತಲ್ಲ, ಅವರಿಗೂ ಹಚ್ಚು.”

ಸಂಜು ತಲೆ ತಗ್ಗಿಸಿ ಊಟ ಮುಗಿಸಿದ.

ಗುಳಿಗೆ ತನ್ನ ಕೆಲಸ ಮಾಡಿತು. ಒಂಬತ್ತನೇ ದಿನಕ್ಕೆ ತೂಕ 57.6ಕ್ಕೆ ಬಂದು ನಿಂತಿತು. ಕಾಶವ್ವ ಒಂದೇ ತಲೆದಿಂಬಿನ ಮೇಲೆ ಚಪ್ಪಟೆ ಮಲಗಿ ನಿದ್ದೆ ಮಾಡಿದರು. ಎರಡು ವರ್ಷದಿಂದ ಊತದಲ್ಲಿ ಮುಳುಗಿದ್ದ ಕಾಲಿನ ಹರಡು ಹೊರಗೆ ಕಂಡಿತು. ಅಂದು ಅವರು ಟ್ರಂಕಿನಿಂದ ಬೆಳ್ಳಿಯ ಕಾಲುಂಗುರ ತೆಗೆದು ಬೆರಳಿಗೆ ಏರಿಸಿಕೊಂಡು, ಕಾಲು ಚಾಚಿ ಮಾಧುರಿಗೆ ತೋರಿಸಿದರು.

“ನೋಡು, ಮದುವ್ಯಾಗಿನ ಕಾಲು.”

ಆಷಾಢ ಹಿಡಿಯುವ ಮುಂಚಿನ ಶನಿವಾರ ಲೋಣಾವಳಾದಲ್ಲಿ ಬಸುರಿ ಪುಟ್ಟಿಯ ಕುಬಸ ಇತ್ತು. ಪುಟ್ಟಿ ಕಾಶವ್ವನ ತಂಗಿಯ ಮಗಳು. ಮೂರು ವರ್ಷದವಳಿದ್ದಾಗ ತಾಯಿ ತೀರಿಕೊಂಡಿದ್ದಳು. ಆಗಿನಿಂದ ಅವಳನ್ನು ಬೆಳೆಸಿ, ಶಾಲೆಗೆ ಕಳಿಸಿ, ಶೇಂಗಾ ಚಿಕ್ಕಿ ಅಂಗಡಿಯ ಮನೆಯೊಂದಕ್ಕೆ ಮದುವೆ ಮಾಡಿಕೊಟ್ಟವರು ಕಾಶವ್ವ. ಹಸಿರು ಸೀರೆ, ಹಸಿರು ಬಳೆ, ಐದು ಬಗೆಯ ಅನ್ನ ತಾವೇ ಒಯ್ಯಬೇಕು. ತಾಯಿಯ ಸ್ಥಾನದಲ್ಲಿ ಉಡಿ ತುಂಬಲು ಬೇರೆ ಯಾರೂ ಇರಲಿಲ್ಲ.

ಮಾಧುರಿ ಮತ್ತು ಸ್ನೇಹಲ್ ಜೊತೆಗೆ ಹೊರಟರು. ರಾಮಲಿಂಗಪ್ಪ ಎರಡು ಗುಳಿಗೆಗಳನ್ನು ಕಾಗದದಲ್ಲಿ ಕಟ್ಟಿ ಕೊಟ್ಟರು. “ಒಂದು ಇವತ್ತಿನದು, ಗಾಡಿ ಹತ್ತೂಕಿಂತ ಮೊದಲ. ಒಂದು ನಾಳಿಂದು.”

“ಹೂನ್ರಿ, ಸಂಜೂನಪ್ಪಾರ,” ಎಂದರು ಕಾಶವ್ವ.

ಶಿವಾಜಿನಗರದಿಂದ ಲೋಣಾವಳಾಕ್ಕೆ ಲೋಕಲ್ ಗಾಡಿಯಲ್ಲಿ ಒಂದೂ ಕಾಲು ತಾಸು. ಮಳೆಗೆ ಆ ದಿನ ಎರಡು ತಾಸು ಹಿಡಿಯಿತು. ಕಾಶವ್ವ ಒಂದು ಸಲವೂ ಏಳದೆ ಕಿಟಕಿಯ ಬಳಿ ಕುಳಿತರು. ಕುಬಸ ಚೆನ್ನಾಗಿ ಆಯಿತು. ಪುಟ್ಟಿಯ ಅತ್ತೆಯ ಮನೆಯಲ್ಲಿ ಉಪ್ಪಿನಕಾಯಿ, ಹಪ್ಪಳ, ಚಿತ್ರಾನ್ನ ಎಲ್ಲಕ್ಕೂ ಉಪ್ಪು ಇತ್ತು. ಕಾಶವ್ವ ತಿಂದರು. ಮಾಧುರಿ ನೋಡಿಯೂ ಸುಮ್ಮನಿದ್ದಳು.

ಭಾನುವಾರ ಸಂಜೆ ಮನೆಗೆ ಬಂದ ಮೇಲೆ ಅತ್ತೆಯ ಸೀರೆಯನ್ನು ನೆನೆಹಾಕುವಾಗ ಸೆರಗಿನ ಚುಂಗಿನಲ್ಲಿ ಗಂಟು ಸಿಕ್ಕಿತು. ಬಿಚ್ಚಿದರೆ ಕಾಗದ, ಕಾಗದದಲ್ಲಿ ಎರಡೂ ಗುಳಿಗೆ.

ಕಾಶವ್ವ ಬಾತ್‌ರೂಮಿನ ಬಾಗಿಲಿಗೆ ಬಂದು ನಿಂತಿದ್ದರು. “ಲೋಕಲ್‌ನಾಗ ಪಾಯಿಖಾನಿ ಇಲ್ಲವಾ. ಕುಬಸದಾಗ ಉಡಿ ತುಂಬೂಮುಂದ ನಾಕ ಸಲ ಎದ್ದು ಓಡಿದ್ರ ಮಂದಿ ಏನಂತಾರ? ಎರಡು ದಿವಸದ ಮಾತು. ನಿಮ್ಮ ಮಾವಾರಿಗೆ ಹೇಳಬ್ಯಾಡ. ಕಾಟಾ ತಗೊಂಡು ನನ್ನ ತಲಿ ಮ್ಯಾಲ ಕುಂದರ್ತಾರ.”

“ಅತ್ತಿ, ಹಿಂಗ ಮಾಡಬಾರದ್ರಿ.”

“ನಾಳಿಂದ ಬರೋಬ್ಬರಿ ತಗೋತೀನಿ. ನಿನ್ನಾಣಿ.”

ಮಾಧುರಿ ಆ ಎರಡು ಗುಳಿಗೆಗಳನ್ನು ತನ್ನ ಸೂಜಿದಾರದ ಡಬ್ಬಿಯಲ್ಲಿ ಹಾಕಿ ಮುಚ್ಚಿದಳು. ಮನೆಯಲ್ಲಿ ಒಂದು ಜಗಳ ಕಡಿಮೆಯಾಯಿತು ಎಂದುಕೊಂಡಳು.

ಸೋಮವಾರ ಬೆಳಗ್ಗೆ ಆರು ಹತ್ತಕ್ಕೆ ಕಾಟಾ 60.1 ತೋರಿಸಿತು. ರಾಮಲಿಂಗಪ್ಪ ಹೆಂಡತಿಯನ್ನು ಇಳಿಸಿ, ಕಾಟಾವನ್ನು ಸೊನ್ನೆ ಮಾಡಿ, ಮತ್ತೆ ಹತ್ತಿಸಿದರು. ಅದೇ ಅಂಕಿ. ಒಂಬತ್ತಕ್ಕೆ ಅವರು ಡಾಕ್ಟರ್ ಶ್ರದ್ಧಾ ಅವರಿಗೆ ಫೋನ್ ಮಾಡಿ ಸ್ಪೀಕರ್ ಹಚ್ಚಿದರು. ಡಾಕ್ಟರ್ ಒಂದೇ ಪ್ರಶ್ನೆ ಕೇಳಿದರು: ಗುಳಿಗೆ ತಪ್ಪದೆ ತೆಗೆದುಕೊಂಡಿದ್ದಾರೆಯೇ?

“ಒಂದೂ ತಪ್ಪಿಲ್ಲ,” ಎಂದರು ರಾಮಲಿಂಗಪ್ಪ ತಮ್ಮ ಮಾರ್ಕೆಟ್ ಮರಾಠಿಯಲ್ಲಿ. “ನಾನೇ ಎಣಿಸಿ ಕೊಟ್ಟಿದ್ದೇನೆ.”

ಮಾಧುರಿ ಟಿಫಿನ್ ಡಬ್ಬಿಯ ಮುಚ್ಚಳ ಹಾಕುತ್ತಿದ್ದಳು. ಕಾಶವ್ವ ಅವಳ ಕಡೆ ನೋಡಿದರು. ಮಾಧುರಿ ಮುಚ್ಚಳ ಒತ್ತಿ, ಡಬ್ಬಿಯನ್ನು ಚೀಲಕ್ಕೆ ಹಾಕಿದಳು.

ಹಾಗಾದರೆ ಈ ಪ್ರಮಾಣ ಸಾಲುತ್ತಿಲ್ಲ, ಮೂರು ದಿನ ಬೆಳಗ್ಗೆ ಒಂದು ಮಧ್ಯಾಹ್ನ ಒಂದು ಕೊಡಿ, ಶುಕ್ರವಾರ ಕರೆತಂದು ತೋರಿಸಿ ಎಂದು ಡಾಕ್ಟರ್ ಹೇಳಿದರು.

ಗುರುವಾರ ತೂಕ 57.5 ಆಯಿತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಶುಕ್ರವಾರ ಮಳೆ ಹಿಡಿಯಿತು, ರಸ್ತೆಯಲ್ಲಿ ನೀರು ನಿಂತಿತು.

“ಮಳ್ಯಾಗ ಅಕಿನ್ನ ಯಾಕ ಎಳಕೊಂಡು ಹೋಗೂದು? ಕಾಟಾ ಹೇಳಾಕತ್ತದಲ್ಲ,” ಎಂದರು ರಾಮಲಿಂಗಪ್ಪ. ಸಂಜೆ ಹೆಂಡತಿಯ ಕಾಲಿನ ಮೇಲೆ ಹೆಬ್ಬೆರಳು ಒತ್ತಿ ನೋಡಿದರು. ಸಣ್ಣ ಗುಳಿ ಉಳಿಯಿತು. “ಇನ್ನಾ ಒಂದೀಟು ಅದ. ಅದೂ ಹೋಗ್ಲಿ.” ಎರಡು ಗುಳಿಗೆ ಮುಂದುವರಿದವು.

57.0. 56.6. 56.1. ಪ್ರತಿ ಬೆಳಗ್ಗೆ ಅಂಕಿ ಕೂಗುವಾಗ ಮಾವನ ದನಿಯಲ್ಲಿ ಒಂದು ಗೆಲುವು ಇರುತ್ತಿತ್ತು. ಎರಡು ಗುಳಿಗೆ ಶುರುವಾದ ಹತ್ತನೇ ದಿನ ಸ್ನೇಹಲ್ ಬಾತ್‌ರೂಮಿನ ಮೋರಿಯ ಜಾಳಿಗೆಯ ಮೇಲಿಂದ ಏನನ್ನೋ ಎತ್ತಿ ತಂದಳು.

“ಅಜ್ಜಿ, ನಿನ್ನ ಕಾಲುಂಗುರ. ತಾನ ಉಚ್ಚಿ ಬಿದ್ದದ.”

“ನೋಡ್ರಿ,” ಎಂದರು ರಾಮಲಿಂಗಪ್ಪ. “ಒಂದು ಹನಿ ಉಳದಿಲ್ಲ.”

ಕಾಶವ್ವ ಉಂಗುರವನ್ನು ಅಂಗೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದರು. ಅದು ಯಾವ ಬೆರಳಿನದು ಎಂದು ಕೇಳಿದರು. ಆ ಪ್ರಶ್ನೆ ಮಾಧುರಿಗೆ ಸರಿ ಎನಿಸಲಿಲ್ಲ.

ಮರುದಿನ ಗುರುವಾರ. 54.7. ಎಂಟು ಗಂಟೆಗೆ ಕಾಶವ್ವ ಎಂದಿನಂತೆ ಕಟ್ಟೆಯ ಮುಂದೆ ನಿಂತು ರೊಟ್ಟಿ ಬಡಿಯುತ್ತಿದ್ದರು. ಆ ಸದ್ದು ಮಾಧುರಿಗೆ ಹದಿನೇಳು ವರ್ಷದಿಂದ ಗೊತ್ತು. ಒಂದೇ ಅಳತೆಯ ಬಡಿತ. ಅಂದು ಅದು ಎರಡು ಸಲ ತಡವರಿಸಿ ನಿಂತಿತು. ಅತ್ತೆಯ ಬಲಗೈ ಬೆರಳುಗಳು ಒಳಕ್ಕೆ ಮಡಚಿ ಹಿಡಿದುಕೊಂಡಿದ್ದವು.

“ಬೆರಳು ಬಿಡವಲ್ವು,” ಎಂದರು ಅವರು ಸಹಜವಾಗಿ. ಆಮೇಲೆ, “ಪುಟ್ಟಿ ಸಾಲಿಗೆ ಹೋದ್ಲೇನು? ಡಬ್ಬಿ ಒಯ್ದ್ಲೋ ಇಲ್ಲೋ?”

ಏಳು ತಿಂಗಳ ಬಸುರಿ ಪುಟ್ಟಿ ಲೋಣಾವಳಾದಲ್ಲಿದ್ದಳು. ಮಾಧುರಿ ಒಲೆ ಆರಿಸಿ ತಿರುಗುವಷ್ಟರಲ್ಲಿ ಕಾಶವ್ವನ ಮೊಣಕಾಲು ಸೋತವು. ಅವಳು ರಟ್ಟೆ ಹಿಡಿದು ನೆಲಕ್ಕೆ ಕೂರಿಸಿದಳು. ತುಟಿ ಒಣಗಿ ಸೀಳಿತ್ತು. ಬಾಯಿ ತೆರೆದರೆ ನಾಲಿಗೆಯಲ್ಲಿ ಪಸೆ ಇರಲಿಲ್ಲ.

ಸಂಜು ಹೊರಗಿನಿಂದ ಓಡಿಬಂದ. “ಏನಾತು?”

“ಆಸ್ಪತ್ರಿಗೆ ಹೋಗಬೇಕ್ರಿ. ಈಗಿಂದೀಗ.”

“ಅಶಕ್ತಿ ಇರ್ತದ,” ಎಂದರು ರಾಮಲಿಂಗಪ್ಪ. ಅವರ ದನಿ ಸಣ್ಣದಾಗಿತ್ತು. “ತೂಕ ಚಲೋ ಅದ. ಇಳ್ಕೋತ ಬಂದದ.”

ಮಾಧುರಿ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ಅವರ ಮುಂದೆ ಹಿಡಿದಳು. “ಅದಕ್ಕ ಹೇಳಾಕತ್ತೀನಿ, ಮಾವಾರ. ಭಾಳ ಇಳದದ. ಮತ್ತ ಇನ್ನೊಂದು ಮಾತು. ಲೋಣಾವಳಾದಾಗ ಅತ್ತಿ ಎರಡೂ ಗುಳಿಗಿ ತಗೊಂಡಿದ್ದಿಲ್ರಿ. ಉಪ್ಪೂ ತಿಂದಿದ್ರು. ಅದಕ್ಕ ತೂಕ ಏರಿತ್ತು. ಗುಳಿಗಿ ಸಾಲದ ಏರಿದ್ದಲ್ಲ.”

“ನಿನಗ ಗೊತ್ತಿತ್ತೇನು?”

“ಗೊತ್ತಿತ್ರಿ. ಎರಡೂ ನನ್ನ ಡಬ್ಯಾಗ ಅದಾವ.”

“ಹನ್ನೊಂದು ದಿವಸ ಬಾಯಿ ಮುಚ್ಕೊಂಡು ಕುಂತೀಯಾ?” ಸಂಜು ಅವಳ ಮೇಲೆ ಹರಿಹಾಯ್ದ. “ಅಪ್ಪ ಫೋನ್‌ನಾಗ ಮಾತಾಡೂಮುಂದ ಅಲ್ಲೇ ನಿಂತಿದ್ದೆಲ್ಲ. ಅವ್ವಗ ಏನರ ಆದ್ರ…”

“ಸಂಜು,” ಎಂದರು ರಾಮಲಿಂಗಪ್ಪ. “ಆಕಿ ಎರಡು ಗುಳಿಗಿ ಮುಚ್ಚಿಟ್ಳು. ಡಾಕ್ಟರ್ ಮೂರು ದಿವಸ ಕೊಡು ಅಂದದ್ದನ್ನ ನಾ ಹನ್ನೊಂದು ದಿವಸ ಕೊಟ್ಟೀನಿ. ಬಯ್ಯೂದಿದ್ರ ನನ್ನಿಂದ ಸುರು ಮಾಡು. ಮೊದಲ ಗಾಡಿ ತಾ.”

ಸಂಜು ಗಾಡಿ ತರಲು ಹೋದ. ಸ್ನೇಹಲ್ ಗೋಡೆಗೆ ಒರಗಿ ನಿಂತಿದ್ದಳು. “ಮಮ್ಮಿ, ನೀರು ಕಡಿಮಿ ಕುಡಿ ಅಂತ ನಾನ ಹೇಳಿದ್ದೆ,” ಎಂದಳು. ಯಾರೂ ಅವಳನ್ನು ಬಯ್ಯಲಿಲ್ಲ.

ಆಸ್ಪತ್ರೆಯಲ್ಲಿ ರಕ್ತದೊತ್ತಡ ತೊಂಬತ್ತಕ್ಕೆ ಐವತ್ತೆಂಟು ಬಂತು. ಒಂದು ತಾಸಿನೊಳಗೆ ರಕ್ತದ ವರದಿ ಬಂತು. ಸೋಡಿಯಂ ನೂರ ಇಪ್ಪತ್ನಾಲ್ಕು. ಕಡಿಮೆಯೆಂದರೂ ನೂರ ಮೂವತ್ತೈದು ಇರಬೇಕು. ಪೊಟ್ಯಾಸಿಯಂ ಎರಡು ಪಾಯಿಂಟ್ ಒಂಬತ್ತು. ಮೂರೂವರೆಗಿಂತ ಕೆಳಗೆ ಇಳಿಯಬಾರದು. ಮೂತ್ರಪಿಂಡ ಕೂಡ ದಣಿದಿತ್ತು. ಡಾಕ್ಟರ್ ಶ್ರದ್ಧಾ ಮೊದಲು ಹೃದಯದ ಬಡಿತ ತೋರಿಸುವ ಯಂತ್ರ ಹಚ್ಚಿಸಿದರು. ಪೊಟ್ಯಾಸಿಯಂ ಇಷ್ಟು ಇಳಿದಾಗ ಬಡಿತ ಯಾವ ಗಳಿಗೆಯಲ್ಲೂ ತಪ್ಪಬಹುದು, ನಾಳೆ ಬೆಳಗಿನವರೆಗೆ ಏನೂ ಹೇಳಲಾಗದು ಎಂದರು. ಆಮೇಲೆ ಏನಾಗಿತ್ತು ಎಂದು ಕೇಳಿದರು.

ಮಾಧುರಿ ಹೇಳಿದಳು. ಸೆರಗಿನ ಗಂಟು, ಕುಬಸದ ಊಟ, ಫೋನಿನ ಹೊತ್ತಿಗೆ ತಾನು ಸುಮ್ಮನಿದ್ದದ್ದು, ಎರಡು ಗುಳಿಗೆ ಹನ್ನೊಂದು ದಿನ, ಸಪ್ಪನೆ ಊಟ, ಅರ್ಧ ಉಳಿಯುತ್ತಿದ್ದ ಬಾಟಲಿ. ಯಾವುದನ್ನೂ ಬಿಡಲಿಲ್ಲ, ಯಾವುದಕ್ಕೂ ಕಾರಣ ಕೊಡಲಿಲ್ಲ. ಕೊನೆಗೆ ಕ್ಯಾಲೆಂಡರನ್ನು ಮೇಜಿನ ಮೇಲೆ ಹರಡಿದಳು.

ಡಾಕ್ಟರ್ ಆ ಚೌಕಗಳ ಮೇಲೆ ಬೆರಳಾಡಿಸಿದರು. ಎಷ್ಟು ನೀರು ಹೆಚ್ಚು ಹೋಗಿದೆ, ಎಂದಿನಿಂದ ಎಂಬುದನ್ನು ಲೆಕ್ಕಹಾಕಲು ಅವರಿಗೆ ಎರಡು ನಿಮಿಷ ಸಾಕಾಯಿತು. “ಇಷ್ಟು ನಿಖರವಾದ ದಾಖಲೆ ದೊಡ್ಡ ದೊಡ್ಡ ಮನೆಗಳಿಂದಲೂ ನನಗೆ ಸಿಕ್ಕಿಲ್ಲ,” ಎಂದರು. ಆಮೇಲೆ ಪೆನ್ನಿನ ತುದಿಯನ್ನು 57.5ರ ಮೇಲೆ ಇಟ್ಟರು. “ಆಜೋಬಾ, ಇಲ್ಲಿ ಯಾಕೆ ನಿಲ್ಲಿಸಲಿಲ್ಲ?”

ರಾಮಲಿಂಗಪ್ಪ ಆ ಅಂಕಿಯ ಮೇಲೆ ತಮ್ಮ ಬೆರಳಿಟ್ಟರು.

ಡಾಕ್ಟರ್ ಬಿಡಿಸಿ ಹೇಳಿದರು. ಈ ಗುಳಿಗೆ ನೀರನ್ನಷ್ಟೇ ಹೊರಗೆ ಹಾಕುವುದಿಲ್ಲ. ಮೂತ್ರಪಿಂಡಕ್ಕೆ ಉಪ್ಪನ್ನು ಹೊರಗೆ ಬಿಡು ಎಂದು ಹೇಳುತ್ತದೆ, ಉಪ್ಪಿನ ಬೆನ್ನು ಹತ್ತಿ ನೀರು ಹೋಗುತ್ತದೆ. ಜೊತೆಗೆ ಪೊಟ್ಯಾಸಿಯಂ ಹೋಗುತ್ತದೆ. ಹೆಚ್ಚಾದ ನೀರು ಹೋದ ಮೇಲೂ ಗುಳಿಗೆ ನಿಲ್ಲದಿದ್ದರೆ, ಇರಬೇಕಾದ ನೀರೂ ಹೋಗುತ್ತದೆ. ಕೈಕಾಲು ಹಿಡಿಯುವುದು, ತಲೆ ತಿರುಗುವುದು, ಮಾತು ತಪ್ಪುವುದು ಅದರಿಂದ.

ರಾಮಲಿಂಗಪ್ಪ ಕ್ಯಾಲೆಂಡರಿನಿಂದ ಕಣ್ಣೆತ್ತಿದರು. “ಮೆಣಸಿನಕಾಯಿಯಲ್ಲಿ ನೂರಕ್ಕೆ ಹತ್ತರಷ್ಟು ತೇವ ಬಿಡಬೇಕು, ಡಾಕ್ಟರ್. ಅದನ್ನೂ ಒಣಗಿಸಿದರೆ ಮುಟ್ಟಿದಲ್ಲಿ ಒಡೆದು ಪುಡಿಯಾಗುತ್ತದೆ. ಬೀಜ ಬೇರೆ, ತೊಗಟೆ ಬೇರೆ. ಅಂಥ ಮಾಲನ್ನೂ ನಾನು ಕಾಟಾದಿಂದ ಇಳಿಸಿ ಕಳಿಸಿದ್ದೇನೆ.” ಮಾಧುರಿಯ ಕಡೆ ತಿರುಗಿ ಕನ್ನಡದಲ್ಲಿ ಅಂದರು, “ನಲವತ್ತೆಂಟು ವರ್ಷ ಮಂದಿಗೆ ಹೇಳೀನಿ. ಮನ್ಯಾಗ ಮರತೆ.”

ಸೋಡಿಯಂ ಅನ್ನು ಅವಸರದಲ್ಲಿ ಏರಿಸುವಂತಿರಲಿಲ್ಲ, ಏರಿಸಿದರೆ ಮಿದುಳಿಗೆ ಪೆಟ್ಟು. ಸಲಾಯಿನ್ ಹನಿ ಹನಿಯಾಗಿ ಹೋಯಿತು. ಪೊಟ್ಯಾಸಿಯಂ ಔಷಧವನ್ನು ನೀರಿನಲ್ಲಿ ಕಲಸಿ ಕುಡಿಸಿದರು. ಮಾಧುರಿ ಶಾಲೆಗೆ ರಜೆ ಹಾಕಿ ಹಾಸಿಗೆಯ ಪಕ್ಕದಲ್ಲಿ ಕುಳಿತಳು. ಸಂಜು ಡಬ್ಬಿ ತಂದುಕೊಟ್ಟು, ಏನೋ ಹೇಳಲು ನಿಂತು, “ಪಲ್ಯ ಸ್ನೇಹಲ್ ಮಾಡ್ಯಾಳ, ಉಪ್ಪು ಹೆಚ್ಚಾಗಿರಬೇಕು,” ಎಂದಷ್ಟೇ ಹೇಳಿ ಹೋದ. ಅವನು ಕ್ಷಮೆ ಕೇಳುವ ರೀತಿ ಅಷ್ಟೇ ಎಂದು ಅವಳಿಗೆ ಗೊತ್ತಿತ್ತು.

ಶನಿವಾರ ಮಧ್ಯಾಹ್ನ ಕಾಶವ್ವ ಕಣ್ಣು ಬಿಟ್ಟು ಸುತ್ತ ನೋಡಿದರು. “ಪುಟ್ಟಿಗೆ ಎಷ್ಟು ತಿಂಗಳಾತು?” ಎಂದು ಕೇಳಿದರು.

“ಎಂಟಕ್ಕ ಬಿದ್ದದ, ಅತ್ತಿ.”

“ಮತ್ತ ನೀ ಯಾಕ ಇಲ್ಲಿ ಕುಂತಿ? ಸಾಲಿ ಬಿಟ್ಟು?”

ಮಾಧುರಿ ಎದ್ದು ಹೊರಗೆ ಹೋಗಿ, ನಲ್ಲಿಯ ನೀರಿನಿಂದ ಮುಖ ತೊಳೆದು ಬಂದಳು.

ಸೋಮವಾರ ಮನೆಗೆ ಕಳಿಸುವ ಮುನ್ನ ಡಾಕ್ಟರ್ ಬಂದಾಗ ಕಾಶವ್ವ ತಮಗೆ ಬರುವ ಮರಾಠಿಯಲ್ಲಿ ನೇರ ಕೇಳಿದರು. ಲೋಕಲ್ ಗಾಡಿಯಲ್ಲಿ ಪಾಯಿಖಾನೆ ಇಲ್ಲ. ಕೂಸು ಹುಟ್ಟಿದ ಮೇಲೆ ತೊಟ್ಟಿಲಿಗೆ ನಾನು ಹೋಗಲೇಬೇಕು. ಆ ದಿನ ಗುಳಿಗೆ ಏನು ಮಾಡಲಿ?

“ಊರು ಮುಟ್ಟಿದ ಮೇಲೆ ತಗೊಳ್ಳಿ,” ಎಂದರು ಡಾಕ್ಟರ್. “ನಾಲ್ಕೈದು ತಾಸು ತಡವಾದರೆ ಏನೂ ಆಗದು. ಬಿಡಬಾರದು, ಅಷ್ಟೇ. ಮೊದಲೇ ಇದನ್ನು ನಾನೇ ಹೇಳಬೇಕಿತ್ತು.”

“ಇಷ್ಟ ಏನು!” ಕಾಶವ್ವ ಗಂಡನ ಕಡೆ ನೋಡಿದರು. “ಕೇಳಿದ್ರ ಮುಗೀತಿತ್ತು.”

“ಕೇಳಾಕ ನೀ ಎಲ್ಲಿ ಬಾಯಿ ಬಿಟ್ಟಿ?”

“ಬಿಡಾಕ ನೀವೆಲ್ಲಿ ಕೊಟ್ರಿ? ದಿನಾ ಕಾಟಾ ಏರಸ್ತಿದ್ರಿ.”

ಪಕ್ಕದ ಹಾಸಿಗೆಯವರು ನಕ್ಕರು. ಭಾಷೆ ತಿಳಿಯದಿದ್ದರೂ ಜಗಳ ತಿಳಿದಿತ್ತು.

ಮನೆಗೆ ಬಂದ ಸಂಜೆ ರಾಮಲಿಂಗಪ್ಪ ಮಾಧುರಿಯಿಂದ ಆ ಎರಡು ಗುಳಿಗೆಗಳನ್ನು ಕೇಳಿ ಪಡೆದರು. ಬಯ್ಯುತ್ತಾರೆ ಎಂದು ಅವಳು ಕಾದಳು. ಅವರು ಕ್ಯಾಲೆಂಡರನ್ನು ಮೇಜಿನ ಮೇಲೆ ಹಾಸಿ, ಕುಬಸದ ಶನಿವಾರದ ಚೌಕಕ್ಕೆ ಒಂದು, ಭಾನುವಾರದ ಚೌಕಕ್ಕೆ ಒಂದು ಗುಳಿಗೆ ಇಟ್ಟು, ಮೇಲೆ ಪಾರದರ್ಶಕ ಟೇಪು ಅಂಟಿಸಿದರು.

“ಬರದದ್ದು ಖರೇ ಇರಬೇಕು,” ಎಂದರು. “ತಗೊಂಡಿಲ್ಲಂದ್ರ ತಗೊಂಡಿಲ್ಲ ಅಂತ ಕಾಣ್ಲಿ.” ಆಮೇಲೆ ಕಪಾಟಿನ ಬಾಗಿಲಿನ ಕಾಗದದಲ್ಲಿ ತೂಕ ಇಳಿದರೂ ಫೋನ್ ಮಾಡಿ ಎಂಬ ಸಾಲಿನ ಕೆಳಗೆ ಕೆಂಪು ಗೆರೆ ಎಳೆಸಿದರು. ಗುಳಿಗೆಯ ಡಬ್ಬಿಯನ್ನು ಹೆಂಡತಿಯ ಕೈಗೆ ಕೊಟ್ಟರು. “ಇನ್ನ ಇದು ನಿಂದು. ಕಾಟಾ ನಂದು.”

ಊಟಕ್ಕೆ ಅಳತೆಯ ಉಪ್ಪು ಬಂತು, ದಿನಕ್ಕೆ ಒಂದು ಸಣ್ಣ ಚಮಚ, ಎಲ್ಲ ಅಡುಗೆಗೂ ಸೇರಿ. ರಾಮಲಿಂಗಪ್ಪನವರೇ ತೂಗಿ ಡಬ್ಬಿಗೆ ಹಾಕುತ್ತಿದ್ದರು. ಸ್ನೇಹಲ್ ತನ್ನ ಅಲಾರಾಂ ಐದೂಮುಕ್ಕಾಲಿಗೆ ಇಟ್ಟುಕೊಂಡು, ಏಳರೊಳಗೆ ಸ್ನಾನ ಮುಗಿಸತೊಡಗಿದಳು. ಸಂಜೆ ಅಜ್ಜಿಯ ಬಾಟಲಿ ಎತ್ತಿ ಬೆಳಕಿಗೆ ಹಿಡಿದು, “ಅಜ್ಜಿ, ಇನ್ನಾ ಎರಡು ಗುಟುಕು ಅದ,” ಎನ್ನುವುದೂ ಅವಳದೇ ಕೆಲಸವಾಯಿತು.

ಸೆಪ್ಟೆಂಬರಿನಲ್ಲಿ ಪುಟ್ಟಿಗೆ ಹೆಣ್ಣು ಹುಟ್ಟಿತು. ಹದಿಮೂರನೇ ದಿನದ ತೊಟ್ಟಿಲಿಗೆ ಎಲ್ಲರೂ ಹೊರಟರು, ಈ ಸಲ ರಾಮಲಿಂಗಪ್ಪನವರೂ. ಗುಳಿಗೆ ಕಾಶವ್ವನ ಕೈಚೀಲದಲ್ಲಿತ್ತು. ಗಾಡಿ ಲೋಣಾವಳಾ ಮುಟ್ಟಿದಾಗ ಹನ್ನೊಂದು ಗಂಟೆ. ಹನ್ನೊಂದೂವರೆಗೆ ಪುಟ್ಟಿಯ ಮನೆಯ ಜಗಲಿಯಲ್ಲಿ ಕುಳಿತು, ಅರ್ಧ ಲೋಟ ನೀರಿನೊಂದಿಗೆ ಎಲ್ಲರ ಎದುರಿಗೇ ನುಂಗಿದರು. ಬೀಗಿತ್ತಿಗೆ, “ನನಗ ನೀರಿನ ಗುಳಿಗಿ ಅದರಿ, ಮೂರರ ತನಕ ಬಾತ್‌ರೂಮು ನನ್ನ ಹೆಸರಿಗೆ ಬರೀರಿ,” ಎಂದರು. ಬೀಗಿತ್ತಿ ತನಗೂ ಎರಡು ವರ್ಷದಿಂದ ಅಂಥದೇ ಒಂದು ಗುಳಿಗೆ ಇದೆಯೆಂದೂ, ಅದಕ್ಕೇ ಎಲ್ಲಿಗೂ ಹೋಗುವುದಿಲ್ಲವೆಂದೂ ದನಿ ತಗ್ಗಿಸಿ ಹೇಳಿದಳು. ಇಬ್ಬರೂ ಊಟದ ತನಕ ಅದನ್ನೇ ಮಾತಾಡಿದರು.

ನಾಲ್ಕು ಗಂಟೆಗೆ ಕೂಸನ್ನು ತೊಟ್ಟಿಲಲ್ಲಿ ಹಾಕಿದರು. ಕಾಶವ್ವ ಒಂದು ಸಲವೂ ಏಳದೆ, ಜೋಗುಳದ ಎಲ್ಲ ನುಡಿಗಳನ್ನು ಹಾಡಿದರು. ಕಾಲುಂಗುರ ಬೆರಳಲ್ಲಿ ಕೂತಲ್ಲೇ ಕೂತಿತ್ತು.

“ಕೂಸು ಎಷ್ಟು ತೂಕ?” ಎಂದು ರಾಮಲಿಂಗಪ್ಪ ಕೇಳಿದರು.

“ಮೂರು ಕಿಲೋ ಎರಡುನೂರು, ದೊಡ್ಡಪ್ಪಾ,” ಎಂದಳು ಪುಟ್ಟಿ.

“ಬಾರದಾನ ತಗದೋ, ಹಿಡದೋ?”

ಅವರು ಆರೂಮುಕ್ಕಾಲಿನ ಲೋಕಲ್ ಹಿಡಿದು ಮನೆಗೆ ಬಂದರು. ಮರುದಿನ ಬೆಳಗ್ಗೆ ಆರು ಹತ್ತಕ್ಕೆ ಕಾಶವ್ವನ ತೂಕ ಐವತ್ತೇಳು ಕಿಲೋ ಏಳುನೂರು ಗ್ರಾಂ ಇತ್ತು. ಮಾಧುರಿ ಅದನ್ನು ಕ್ಯಾಲೆಂಡರಿನಲ್ಲಿ ಬರೆದಳು. ಏಳು ಗಂಟೆಗೆ ಕಾಶವ್ವ ಡಬ್ಬಿ ತೆರೆದು ಆ ದಿನದ ಗುಳಿಗೆ ತೆಗೆದುಕೊಂಡರು.